ಹಿಂದಿನವರಿಗೆ ದಾರಿ



ಶಿವರಾತ್ರಿ ಹತ್ತಿರವಾದರೆ ನಮ್ಮ ಕೌದಳ್ಳಿಯ ರಸ್ತೆ ತುಂಬ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು. ಕಾಲಿಗೆ ಬೊಬ್ಬೆ ಬಂದವರು ಪಕ್ಕಕ್ಕೆ ಸರಿದು ಮರದಡಿ ಕೂರುತ್ತಾರೆ. ಹಿಂದಿನ ಗುಂಪು ‘ಉಘೇ’ ಎನ್ನುತ್ತ ಮುಂದೆ ಸಾಗುತ್ತದೆ. ಯಾರೂ ಯಾರ ದಾರಿಗೂ ಅಡ್ಡ ನಿಲ್ಲುವುದಿಲ್ಲ.

ಹವ್ಯಾಸಕ್ಕೆಂದು ಗಾಲ್ಫ್ ಆಡುವ ನನಗೆ ಮೈದಾನದಲ್ಲಿ ಈ ರಸ್ತೆ ನೆನಪಾಗುತ್ತದೆ. 18 ಕುಳಿಗಳ ಆಟವೆಂದರೆ ಸುಮಾರು ನಾಲ್ಕು ಗಂಟೆಯ ನಡಿಗೆ. ಮುಂದಿನ ನಾಲ್ವರು ಹುಲ್ಲು ಚಿವುಟಿ ಗಾಳಿಗೆ ತೂರಿ, ಐದಾರು ಸಲ ಸುಮ್ಮನೆ ಕೋಲು ಬೀಸಿ, ಮತ್ತೆ ಯೋಚಿಸುತ್ತ ನಿಂತರೆ ಹಿಂದಿರುವವರೆಲ್ಲ ಬಿಸಿಲಿನಲ್ಲಿ ಕಾಯಬೇಕು. ಹದಿನಾಲ್ಕು ಕೋಲುಗಳ ಚೀಲ ಹೊತ್ತ ಕ್ಯಾಡಿಯ ಭುಜದ ಮೇಲೆ ಪಟ್ಟಿಯ ಕೆಂಪು ಗೆರೆ ಮೂಡಿರುತ್ತದೆ. ನನಗೆ ಸಂಕಟವಾಗುವುದು ಅದನ್ನು ಕಂಡಾಗ.

ಬೆಂಗಳೂರಿನಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ ಇದೆ. ಅದೇ ಊರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಒಂದೇ ಹೊಡೆತದಿಂದ ಪದಕ ತಪ್ಪಿತು. ಅಂದು ಗಾಲ್ಫ್ ಗೊತ್ತಿಲ್ಲದ ಮನೆಗಳಲ್ಲೂ ಜನ ಟಿವಿ ಮುಂದೆ ಕುಳಿತಿದ್ದರು. ಹಾಗೆ ನೋಡಿ ಆಟಕ್ಕೆ ಬಂದ ಹೊಸಬರಿಗೆ ನಾವು ಮೊದಲು ಕಲಿಸಬೇಕಾದದ್ದು ಉಡುಪಿನ ಶಿಸ್ತನ್ನಲ್ಲ, ಕಾಯುವವರ ಮೇಲಿನ ಕಾಳಜಿಯನ್ನು.

2019ರ ನಿಯಮಗಳು ಕಳೆದ ಚೆಂಡು ಹುಡುಕುವ ಅವಧಿಯನ್ನು ಐದು ನಿಮಿಷದಿಂದ ಮೂರಕ್ಕೆ ಇಳಿಸಿವೆ. ಒಂದು ಹೊಡೆತಕ್ಕೆ 40 ಸೆಕೆಂಡು ಸಾಕು ಎನ್ನುತ್ತವೆ.

ಗಾಲ್ಫ್ ಆಡುವ ಗೆಳೆಯರೇ, ಈ ಭಾನುವಾರ ಚೆಂಡು ಸಿಗದಿದ್ದರೆ ಕೈ ಎತ್ತಿ, ಹಿಂದಿನವರನ್ನು ಮುಂದೆ ಬಿಡಿ.