ಎಳೆಯರಿಂದ ತಂಡ ಕಟ್ಟುವುದು

(ಶಾಲಾ ಕ್ರೀಡೋತ್ಸವದ ಬಹುಮಾನ ವಿತರಣಾ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಬಹುಮಾನಗಳನ್ನು ಹಂಚುವ ಈ ಶುಭದಿನದಲ್ಲಿ ಸೋಲಿನ ಮಾತನ್ನೆತ್ತುವುದು ಉಚಿತವಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಕಬಡ್ಡಿ ತಂಡವು ಈ ವರ್ಷ ಉಪಜಿಲ್ಲಾ ಪಂದ್ಯಾಟದ ಮೊದಲ ಸುತ್ತಿನಲ್ಲಿಯೇ ಸೋತು ಹಿಂದಿರುಗಿದುದು ತಮಗೆಲ್ಲ ತಿಳಿದ ಸಂಗತಿ. ಅಂಗಣಕ್ಕಿಳಿದ ಏಳು ಮಂದಿಯಲ್ಲಿ ನಾಲ್ವರು ಒಂಬತ್ತನೆಯ ತರಗತಿಯ ಬಾಲಕರು. ಅವರಿಗಿಂತ ಬಲಿಷ್ಠರಾದವರು ಹತ್ತನೆಯ ತರಗತಿಯಲ್ಲಿದ್ದರು. ಆದರೂ ನಾವು ಕಿರಿಯರನ್ನೇ ಇಳಿಸಿದೆವು. ಮರುದಿನ ಪೋಷಕರೊಬ್ಬರು ಬಂದು, “ಮಾಷ್ಟ್ರೇ, ಸೋಲಲೆಂದೇ ಮಕ್ಕಳನ್ನು ಕರೆದುಕೊಂಡು ಹೋದಿರಾ?” ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದುದು. ಅಂದು ಸರಿಯಾದ ಉತ್ತರವನ್ನು ಕೊಡಲು ನಮ್ಮಿಂದಾಗಲಿಲ್ಲ. ಇಂದು ನಮ್ಮ ದೇಶದ ಹಾಕಿ ತಂಡದ ಕಥೆಯ ಮೂಲಕ ಆ ಉತ್ತರವನ್ನು ಅರಿಕೆ ಮಾಡಿಕೊಳ್ಳುತ್ತೇವೆ.

1928ರಿಂದ 1980ರವರೆಗೆ ಭಾರತವು ಒಲಿಂಪಿಕ್ಸ್ ಹಾಕಿಯಲ್ಲಿ ಎಂಟು ಸಲ ಚಿನ್ನದ ಪದಕವನ್ನು ಗಳಿಸಿತು. ನಮ್ಮ ನೆರೆಯ ಕಣ್ಣೂರಿನ ಮಾನ್ಯುವೆಲ್ ಫ್ರೆಡೆರಿಕ್ ಅವರು 1972ರ ಮ್ಯೂನಿಕ್ ಕೂಟದಲ್ಲಿ ಕಂಚು ಗೆದ್ದ ತಂಡದ ಗೋಲುರಕ್ಷಕರಾಗಿದ್ದರು. ಆದರೆ 1976ರಲ್ಲಿ ಒಲಿಂಪಿಕ್ಸ್ ಹಾಕಿಯು ಮೊದಲ ಬಾರಿಗೆ ಹುಲ್ಲಿನ ಮೈದಾನದಿಂದ ಕೃತಕ ಹಾಸಿಗೆ ಬಂದಾಗ ನಾವು ಏಳನೆಯ ಸ್ಥಾನಕ್ಕೆ ಜಾರಿದೆವು. 1980ರ ಮಾಸ್ಕೋದ ಚಿನ್ನದ ಬಳಿಕ ನಾಲ್ಕು ದಶಕಗಳ ಕಾಲ ಪದಕವೇ ಇಲ್ಲ. 2008ರ ಮಾರ್ಚ್ ತಿಂಗಳಲ್ಲಿ ಚಿಲಿ ದೇಶದ ಸ್ಯಾಂಟಿಯಾಗೋದಲ್ಲಿ ಬ್ರಿಟನ್ನಿನ ಎದುರು ಸೋತು, ಎಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶವನ್ನೇ ಕಳೆದುಕೊಂಡೆವು. 2012ರಲ್ಲಿ ಲಂಡನ್ನಿಗೆ ಹೋದದ್ದೇನೋ ನಿಜ; ಆದರೆ ಆಡಿದ ಆರು ಪಂದ್ಯಗಳನ್ನೂ ಸೋತು ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯವರಾದೆವು.

ಅಡಿಕೆ ತೋಟವುಳ್ಳವರು ಇಲ್ಲಿ ಬಹುಮಂದಿ ಇದ್ದೀರಿ. ಮರಗಳು ಮುದಿಯಾದುವೆಂದು ತೋಟವನ್ನೆಲ್ಲ ಒಂದೇ ದಿನ ಕಡಿದು ಹಾಕುವ ಕೃಷಿಕನಿಲ್ಲ. ಹಳೆಯ ಮರಗಳ ನಡುವೆಯೇ ಸಸಿ ನೆಡುತ್ತಾನೆ. ಅದು ಫಲ ಕೊಡುವವರೆಗೆ ವರ್ಷಗಟ್ಟಲೆ ಕಾಯುತ್ತಾನೆ. ತಂಡ ಕಟ್ಟುವ ಕ್ರಮವೂ ಇಂತಹುದೇ. ಲಂಡನ್ನಿನಲ್ಲಿ ಸೋತವರನ್ನೆಲ್ಲ ಮನೆಗೆ ಕಳುಹಿಸಲಿಲ್ಲ. ಕೊಡಗಿನ ಸೋಮವಾರಪೇಟೆಯ ಎಸ್. ವಿ. ಸುನಿಲ್, ನಮ್ಮ ರಾಜ್ಯದ ಪಿ. ಆರ್. ಶ್ರೀಜೇಶ್, ಪಂಜಾಬಿನ ಮನ್‌ಪ್ರೀತ್ ಸಿಂಗ್ ಮೊದಲಾದವರು ಉಳಿದರು. ಅವರ ಜೊತೆಯಲ್ಲಿ ಎಳೆಯರು ಬೆಳೆಯತೊಡಗಿದರು. 2013ರಲ್ಲಿ ಆರಂಭವಾದ ವೃತ್ತಿಪರ ಹಾಕಿ ಲೀಗಿನಲ್ಲಿ ನಮ್ಮ ತರುಣರಿಗೆ ಹೊರದೇಶಗಳ ನುರಿತ ಆಟಗಾರರ ಜೊತೆಯಲ್ಲಿಯೇ ಆಡುವ ಅವಕಾಶ ದೊರೆಯಿತು. ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ತಿಂಗಳುಗಟ್ಟಲೆ ಶಿಬಿರಗಳು ನಡೆದುವು.

ಫಲವು ಒಡನೆಯೇ ಕಾಣಿಸಿಕೊಂಡಿತೆಂದು ತಿಳಿಯಬೇಡಿರಿ. 2013ರಲ್ಲಿ ನಮ್ಮದೇ ದೆಹಲಿಯಲ್ಲಿ ನಡೆದ ಕಿರಿಯರ ವಿಶ್ವಕಪ್ಪಿನಲ್ಲಿ ಭಾರತವು ಹತ್ತನೆಯ ಸ್ಥಾನಕ್ಕಿಳಿಯಿತು. ಆ ತಂಡದ ನಾಯಕ ಮೇಲೆ ಹೇಳಿದ ಮನ್‌ಪ್ರೀತ್ ಸಿಂಗರೇ. ಮೂರು ವರ್ಷಗಳ ಬಳಿಕ, 2016ರ ಡಿಸೆಂಬರಿನಲ್ಲಿ, ಹರೇಂದ್ರ ಸಿಂಗರು ತರಬೇತು ಮಾಡಿದ ಕಿರಿಯರ ತಂಡವು ಲಖ್ನೋದಲ್ಲಿ ಬೆಲ್ಜಿಯಮ್ಮನ್ನು 2-1ರಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದಿತು. ಆ ಹದಿನೆಂಟು ಹುಡುಗರಲ್ಲಿ ಏಳು ಮಂದಿ 2021ರಲ್ಲಿ ಟೋಕಿಯೋ ಒಲಿಂಪಿಕ್ಸಿಗೆ ಹೋದರು.

ಅವರಲ್ಲೊಬ್ಬರು ಸಿಮ್ರನ್‌ಜೀತ್ ಸಿಂಗ್. ಮೊದಲು ಪ್ರಕಟವಾದ ಹದಿನಾರು ಮಂದಿಯ ಪಟ್ಟಿಯಲ್ಲಿ ಇವರ ಹೆಸರಿರಲಿಲ್ಲ; ಇವರು ಮೀಸಲು ಆಟಗಾರರು. ಸಾಂಕ್ರಾಮಿಕದ ಕಾಲವಾದ್ದರಿಂದ ಮೀಸಲಿನವರನ್ನೂ ಆಡಿಸಬಹುದೆಂದು ನಿಯಮವನ್ನು ಸಡಿಲಿಸಿದರು. ಆಗಸ್ಟ್ 5ರಂದು ಕಂಚಿಗಾಗಿ ಜರ್ಮನಿಯೊಡನೆ ಪಂದ್ಯ. ಒಂದು ಹಂತದಲ್ಲಿ ನಾವು 1-3ರಿಂದ ಹಿಂದಿದ್ದೆವು. ಅಲ್ಲಿಂದ ಮೇಲೆದ್ದು 5-4ರಿಂದ ಗೆದ್ದೆವು. ಐದರಲ್ಲಿ ಎರಡು ಗೋಲುಗಳು ಸಿಮ್ರನ್‌ಜೀತರವು. ಕೊನೆಯ ಕ್ಷಣಗಳಲ್ಲಿ ಜರ್ಮನಿಗೆ ದೊರೆತ ಪೆನಾಲ್ಟಿ ಕಾರ್ನರನ್ನು ತಡೆದವರು ಶ್ರೀಜೇಶ್. ನಾಯಕತ್ವ ಮನ್‌ಪ್ರೀತರದು. ಕಿರಿಯರ ವಿಶ್ವಕಪ್ಪಿನಲ್ಲಿ ಹತ್ತನೆಯವರಾಗಿ ನಿಂತ ತಂಡದ ನಾಯಕನೇ ನಲವತ್ತೊಂದು ವರ್ಷಗಳ ಬರವನ್ನು ನೀಗಿದ ತಂಡಕ್ಕೂ ನಾಯಕನಾದನು! 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಪೇನನ್ನು 2-1ರಿಂದ ಮಣಿಸಿ ಮತ್ತೊಮ್ಮೆ ಕಂಚನ್ನು ತಂದಾಗ ಎರಡೂ ಗೋಲುಗಳನ್ನು ಹೊಡೆದ ಹರ್ಮನ್‌ಪ್ರೀತ್ ಸಿಂಗರೂ ಲಖ್ನೋದ ಆ ಹುಡುಗರಲ್ಲೊಬ್ಬರೇ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾವು ಅರ್ಧ ಸತ್ಯವನ್ನು ಹೇಳಿದಂತಾದೀತು. ಲಖ್ನೋದಲ್ಲಿ ಗೆದ್ದ ತಂಡದ ನಾಯಕ ಹರ್ಜೀತ್ ಸಿಂಗ್ ಟೋಕಿಯೋಕ್ಕೆ ಹೋಗಲಿಲ್ಲ. ಅವರಂತೆಯೇ ಇನ್ನೂ ಹತ್ತು ಮಂದಿ ಹೋಗಲಿಲ್ಲ. ಬರಗಾಲದ ವರ್ಷಗಳಲ್ಲಿ ತಂಡಕ್ಕಾಗಿ ಓಡಿ ಬೆವರು ಸುರಿಸಿದ ಸುನಿಲರಿಗೂ ಆ ಪದಕ ಒದಗಲಿಲ್ಲ. ನೆಟ್ಟ ಸಸಿಗಳೆಲ್ಲ ಮರವಾಗುವುದಿಲ್ಲ; ನೆರಳು ಕೊಟ್ಟ ಮರಕ್ಕೆ ಹೊಸ ಫಸಲಿನಲ್ಲಿ ಪಾಲಿಲ್ಲ. ಆದುದರಿಂದ ಆಟದ ಹೆಸರಿನಲ್ಲಿ ಯಾವ ಬಾಲಕನಿಗೂ ಪದಕದ ಆಸೆ ತೋರಿಸಿ ಪಾಠವನ್ನು ಬಿಡಿಸತಕ್ಕದ್ದಲ್ಲ. ಕ್ರೀಡೆಯಿಂದ ಹೊರಬಂದ ಮೇಲೂ ಬದುಕಲು ಬೇಕಾದ ವಿದ್ಯೆಯನ್ನು ಕೊಡುವುದು ಶಾಲೆಯ ಮೊದಲ ಧರ್ಮ.

ಇಲ್ಲಿಯೇ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಕಿರಿಯರನ್ನು ಆಡಿಸಿದುದು ತಪ್ಪೆಂದು ನಾವು ಈಗಲೂ ಭಾವಿಸುವುದಿಲ್ಲ. ಬರುವ ವರ್ಷ ಹತ್ತನೆಯವರು ಶಾಲೆ ಬಿಟ್ಟು ಹೋದಾಗ, ಒಮ್ಮೆಯೂ ಅಂಗಣದ ಅಂಜಿಕೆಯನ್ನು ಕಾಣದ ಏಳು ಮಂದಿಯನ್ನು ಇಳಿಸುವುದು ಇನ್ನೂ ದೊಡ್ಡ ತಪ್ಪಾಗುತ್ತಿತ್ತು. ಆದರೆ ಹೊರಗೆ ಕುಳಿತ ಹಿರಿಯ ಹುಡುಗರಿಗೆ ಮುಂಚಿತವಾಗಿ ಕಾರಣವನ್ನು ತಿಳಿಸದೆ ಹೋದೆವು. ಪಟ್ಟಿಯನ್ನು ಫಲಕಕ್ಕೆ ಹಚ್ಚಿ ಸುಮ್ಮನಾದೆವು. ಅವರಲ್ಲೊಬ್ಬನು ಆ ದಿನ ಒಂದು ಮಾತನ್ನೂ ಆಡದೆ ಚಿಕ್ಕವರಿಗೆ ನೀರು ಕೊಟ್ಟು, ವಿರಾಮದಲ್ಲಿ ಹಿಡಿತದ ಉಪಾಯವನ್ನು ಹೇಳಿಕೊಡುತ್ತಿದ್ದುದನ್ನು ನಾವು ಕಣ್ಣಾರೆ ಕಂಡೆವು. ಅವನ ಹೆಸರು ಇಂದಿನ ಬಹುಮಾನಗಳ ಪಟ್ಟಿಯಲ್ಲಿಲ್ಲ. ಅವನಿಗೂ ಅವನ ಜೊತೆಗಾರರಿಗೂ ನಾವು ಸಾಲಗಾರರು. ಈ ಸಭೆಯ ಮುಂದೆ ಅವರ ಕ್ಷಮೆಯನ್ನು ಕೇಳುತ್ತೇವೆ.

ಪೋಷಕರಲ್ಲಿ ಒಂದು ಬಿನ್ನಹ. ಒಂಬತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಹಿಂದುಳಿದ ಮಗುವನ್ನು “ಇವನಿಂದಾಗದು” ಎಂದು ತೀರ್ಮಾನಿಸಿ ಬಿಡುವವರಿದ್ದಾರೆ. ಹತ್ತನೆಯ ಸ್ಥಾನದ ತಂಡವನ್ನು ಕಂಡು ಹಾಗೆಯೇ ತೀರ್ಮಾನಿಸಿದ್ದರೆ ಮನ್‌ಪ್ರೀತ್ ಸಿಂಗರು ಎಲ್ಲಿರುತ್ತಿದ್ದರು? ಮಗುವಿಗೆ ಮೂರು ವರ್ಷಗಳ ಕಾಲಾವಕಾಶ ಕೊಡಿರಿ, ನಮಗೂ ಕೊಡಿರಿ.

ವಿದ್ಯಾರ್ಥಿಗಳೇ, ಶ್ರೀಜೇಶರು ಹಳ್ಳಿಯ ಕೃಷಿಕರ ಮಗ. ತಿರುವನಂತಪುರದ ಕ್ರೀಡಾಶಾಲೆಯನ್ನು ಸೇರಿದಾಗ ಅವರು ಹಾಕಿ ಆಟಗಾರರಾಗಿರಲಿಲ್ಲ. ಗೋಲುರಕ್ಷಣೆಯನ್ನು ಅಲ್ಲಿಯೇ ಕಲಿತರು. ಪ್ಯಾರಿಸ್ಸಿನ ಬಳಿಕ ಆಟದಿಂದ ನಿವೃತ್ತರಾಗಿ ಕಿರಿಯರ ತಂಡದ ತರಬೇತುದಾರರಾದರು. 2024ರ ಡಿಸೆಂಬರಿನಲ್ಲಿ ಮಸ್ಕತ್ತಿನಲ್ಲಿ ಅವರ ಹುಡುಗರು ಕಿರಿಯರ ಏಷ್ಯಾ ಕಪ್ಪನ್ನು ಗೆದ್ದರು. ಪಡೆದುದನ್ನು ಕಿರಿಯರಿಗೆ ದಾಟಿಸುವುದು ಹೀಗೆ. ಮುಂದಿನ ಜೂನಿನಿಂದ ನಮ್ಮ ಶಾಲೆಯಲ್ಲಿ, ಆಡುವ ಪ್ರತಿಯೊಬ್ಬ ಹಿರಿಯ ವಿದ್ಯಾರ್ಥಿಯೂ ಒಬ್ಬ ಕಿರಿಯನಿಗೆ ವಾರಕ್ಕೆ ಎರಡು ಸಂಜೆ ಕಲಿಸತಕ್ಕದ್ದೆಂದು ನಿಶ್ಚಯಿಸಿದ್ದೇವೆ. ಪಟ್ಟಿಯನ್ನು ಫಲಕಕ್ಕೆ ಹಚ್ಚುವ ಮೊದಲು ಹೊರಗುಳಿದವರನ್ನು ಕರೆದು ಕಾರಣವನ್ನು ಹೇಳುತ್ತೇವೆ. ಇದಕ್ಕೆ ತಮ್ಮೆಲ್ಲರ ಸಹಕಾರವನ್ನು ಬೇಡುತ್ತೇವೆ.