ಹಳೆಯ ಯೆಜ್ಡಿಗೆ ಹೊಸ ವೇಷ

ಭಾನುವಾರ ಬೆಳಗಿನ ಹೊತ್ತು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗಾಗಿ ನಿಂತವರು ಬೆಂಗಳೂರಿನ ಕಡೆಯಿಂದ ಬರುವ ಮೋಟಾರ್ ಸೈಕಲ್ಲುಗಳ ಸಾಲನ್ನು ನೋಡಿಯೇ ಇರುತ್ತಾರೆ. ಅವುಗಳಲ್ಲಿ ಒಂದೆರಡರ ರೂಪ ವಿಚಿತ್ರವಾಗಿರುತ್ತದೆ. ಹಿಂದಿನ ಮಡ್ಗಾರ್ಡು ಇಲ್ಲ, ಸೀಟು ಅರ್ಧಕ್ಕೆ ಮೊಟಕು, ಹ್ಯಾಂಡಲ್ಲು ಕೋಲಿನಂತೆ ನೆಟ್ಟಗೆ ಅಗಲ, ಬಾಲ ಮೇಲಕ್ಕೆ, ಮೂತಿ ಕೆಳಕ್ಕೆ. ಗೂಳಿ ಹಾಯಲು ನಿಂತಂತೆ ಕಾಣುವ ಈ ಗಾಡಿಗೆ ‘ಸ್ಟ್ರೀಟ್‌ಫೈಟರ್’ ಎಂದು ಹೆಸರು. ನಮ್ಮ ಮಾತಿನಲ್ಲಿ ಬೀದಿ ಜಗಳಗಂಟ ಎನ್ನಬಹುದು. ಮನೆಯ ಹಿತ್ತಲಿನಲ್ಲಿ ಹಳೆಯ ಗಾಡಿಯೊಂದು ನಿಂತಿದ್ದು, ವಯಸ್ಸಿಗೆ ಬಂದ ಮಗನೊಬ್ಬನಿದ್ದರೆ, “ಅಪ್ಪಾ, ಅದನ್ನು ನನಗೆ ಕೊಟ್ಟುಬಿಡಿ, ನಾನು ಬೇರೆ ಥರ ಮಾಡಿಸುತ್ತೇನೆ” ಎಂಬ ಮಾತು ಇಂದಲ್ಲ ನಾಳೆ ಬಂದೇ ಬರುತ್ತದೆ. ಆ ಅಪ್ಪನಿಗೂ ಆ ಮಗನಿಗೂ ಉಪಯೋಗವಾದೀತೆಂದು ಈ ನಾಲ್ಕು ಮಾತು.

ಈ ವೇಷ ಹುಟ್ಟಿದ್ದು ಬಡತನದಿಂದ ಎಂದರೆ ತಪ್ಪಲ್ಲ. ೧೯೮೦ರ ದಶಕದಲ್ಲಿ ಪಂದ್ಯದ ಗಾಡಿಗಳಂತೆ ಮೈತುಂಬ ಹೊದಿಕೆ ತೊಟ್ಟ ವೇಗದ ಮೋಟಾರ್ ಸೈಕಲ್ಲುಗಳು ಪೇಟೆಗೆ ಬಂದವು. ಇಂಗ್ಲೆಂಡಿನ ಹುಡುಗರು ಅವನ್ನು ಕೊಂಡರು, ಬೀಳಿಸಿದರು. ಹೊದಿಕೆ ಒಡೆಯಿತು. ಹೊಸ ಹೊದಿಕೆಯ ಬೆಲೆ ಕೇಳಿದರೆ ತಲೆ ತಿರುಗುವಂತಿತ್ತು. ಒಡೆದದ್ದನ್ನು ಕಿತ್ತೆಸೆದು, ಅಗಲವಾದ ಹ್ಯಾಂಡಲ್ಲನ್ನೂ ಎರಡು ದುಂಡು ದೀಪಗಳನ್ನೂ ಕಟ್ಟಿ ಓಡಿಸಿದರು. ಕೊರತೆಯೇ ಶೋಕಿಯಾಯಿತು. ಆಮೇಲೆ ಕಾರ್ಖಾನೆಗಳೇ ಅದನ್ನು ಅನುಕರಿಸಿದವು. ೧೯೯೩ರಲ್ಲಿ ಇಟಲಿಯ ಡುಕಾಟಿ ಮಾನ್‌ಸ್ಟರ್ ಬಂತು. ೧೯೯೭ರಲ್ಲಿ ಇಂಗ್ಲೆಂಡಿನ ಟ್ರಯಂಫ್ ಸ್ಪೀಡ್ ಟ್ರಿಪಲ್ ಎರಡು ದುಂಡು ದೀಪ ಹೊತ್ತು ಬಂತು. ೨೦೦೯ರಲ್ಲಿ ಡುಕಾಟಿಯವರು ‘ಸ್ಟ್ರೀಟ್‌ಫೈಟರ್’ ಎಂಬ ಹೆಸರನ್ನೇ ಒಂದು ಗಾಡಿಗೆ ಇಟ್ಟರು.

ನಮ್ಮ ಕಡೆಯ ಹಿತ್ತಲಲ್ಲಿ ಇರುವುದು ಡುಕಾಟಿಯಲ್ಲ, ಯೆಜ್ಡಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಲ್ಲಿ ಗಾಡಿ ತಯಾರಿಸತೊಡಗಿತು. ಮೊದಲು ಚೆಕೊಸ್ಲೊವಾಕಿಯಾದ ಜಾವಾ ಹೆಸರು, ೧೯೭೩ರಿಂದ ಯೆಜ್ಡಿ, ೧೯೭೮ರಲ್ಲಿ ರೋಡ್‌ಕಿಂಗ್. ೧೯೯೬ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿ. ಚೈನಿಗೆ ಪೂರ್ತಿ ಮುಚ್ಚಿದ ಕವಚ. ಈಗ ಯೆಜ್ಡಿ ಎಂಬ ಹೆಸರಿನಲ್ಲಿ ೨೦೨೨ರಿಂದ ಬರುತ್ತಿರುವ ಗಾಡಿ ಬೇರೆಯವರದು, ಇಂಜಿನ್ನೂ ಬೇರೆ. ಆದ್ದರಿಂದ ಹಳೆಯ ರೋಡ್‌ಕಿಂಗನ್ನು ಒಮ್ಮೆ ಕತ್ತರಿಸಿದಿರೋ, ಅಂಥ ಇನ್ನೊಂದು ಎಲ್ಲಿಯೂ ಹೊಸದಾಗಿ ತಯಾರಾಗುವುದಿಲ್ಲ. ಗರಗಸ ಹಿಡಿಯುವ ಮುಂಚೆ ಇದನ್ನು ನೆನೆಯಬೇಕು.

ನೆನೆಯಬೇಕಾದ್ದು ಇನ್ನೂ ಒಂದಿದೆ, ಅದು ಕಾಯಿದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣದ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. “ಯಾರು ಹಿಡಿಯುತ್ತಾರೆ ಬಿಡಿ” ಎನ್ನುವವರಿದ್ದಾರೆ. ಕೊನೆಯ ರೋಡ್‌ಕಿಂಗ್ ಕೂಡ ಹದಿನೈದು ವರ್ಷದ ನೋಂದಣಿಯನ್ನು ಎಂದೋ ದಾಟಿದೆ. ಇನ್ನು ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಸಾರಿಗೆ ಕಚೇರಿಯ ಮುಂದೆ ನಿಲ್ಲಿಸಿಯೇ ನವೀಕರಿಸಬೇಕು. ಯಾರೂ ದಾರಿಯಲ್ಲಿ ಹಿಡಿಯಬೇಕಾಗಿಲ್ಲ, ನಾವೇ ಹೋಗಿ ತೋರಿಸಬೇಕು! ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಇದನ್ನೇ. ಹಾಗಾಗಿ ಆರ್.ಸಿ. ಪುಸ್ತಕ ತೆಗೆದುಕೊಂಡು ತುಮಕೂರಿನ ಕಚೇರಿಗೆ ಹೋಗಿ, ಮಾಡಬೇಕೆಂದಿರುವುದನ್ನು ಬರೆದು ಕೊಟ್ಟು, ಉತ್ತರವನ್ನು ಬರಹದಲ್ಲೇ ಪಡೆಯುವುದು ಮೊದಲ ಕೆಲಸ. ಸ್ಪ್ಯಾನರು ಎರಡನೆಯದು.

ನನ್ನ ಕೇಳಿದರೆ, ಬೋಲ್ಟಿನಿಂದ ಬಿಚ್ಚಿ ಬೋಲ್ಟಿನಿಂದಲೇ ಮತ್ತೆ ಕೂರಿಸಬಹುದಾದ ಬದಲಾವಣೆಗಳನ್ನಷ್ಟೇ ಮಾಡಬೇಕು. ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ ಗೋಣಿಚೀಲದಲ್ಲಿ ಇಡಬೇಕು. ಚಾಸಿಗೆ ಗರಗಸ, ವೆಲ್ಡಿಂಗು ಬೇಡವೇ ಬೇಡ. ಸೀಟಿನ ಹಿಂದಿನ ಕಬ್ಬಿಣದ ಕೊಳವೆಯನ್ನು ಕತ್ತರಿಸುವವರು ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲುತುದಿ ಎಲ್ಲಿ ನಿಂತಿದೆ ಎಂಬುದನ್ನೇ ನೋಡುವುದಿಲ್ಲ. ಭಾರವೆಲ್ಲ ಅಲ್ಲಿಗೇ ಬೀಳುವುದು.

ಸೈಲೆನ್ಸರಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಸೈಲೆನ್ಸರು ಕಿತ್ತು ಬರಿಯ ಕೊಳವೆ ಹಾಕಿದರೆ ಗಾಡಿ ಚುರುಕಾಗುತ್ತದೆಂಬ ನಂಬಿಕೆ ಹುಡುಗರಲ್ಲಿ ಬೇರೂರಿದೆ. ಯೆಜ್ಡಿಯದು ಟೂ ಸ್ಟ್ರೋಕ್ ಇಂಜಿನ್ನು. ಅದರಲ್ಲಿ ವಾಲ್ವುಗಳಿಲ್ಲ, ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಓಡಾಡಿ ತೆರೆದು ಮುಚ್ಚುತ್ತದೆ. ಸುಟ್ಟ ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲು ಗಾಳಿಯ ಮಿಶ್ರಣವೂ ಒಳಗೆ ನುಗ್ಗುತ್ತದೆ. ಹೊಗೆಯ ಬೆನ್ನು ಹಿಡಿದು ಅದೂ ಹೊರಗೆ ಸೋರಿಹೋಗಬೇಡವೆ? ಅದನ್ನು ತಡೆಯುವುದೇ ಆ ಕೊಳವೆಯ ಆಕಾರ. ಹೊರಗೆ ಹೋದ ಒತ್ತಡದ ಅಲೆ ಕೊಳವೆಯ ಆಚೆ ತುದಿಗೆ ಬಡಿದು ಹಿಂದಿರುಗಿ, ಓಡಿಹೋಗುತ್ತಿದ್ದ ಮಿಶ್ರಣವನ್ನು ಮತ್ತೆ ಸಿಲಿಂಡರಿನೊಳಕ್ಕೆ ದೂಡುತ್ತದೆ. ಆ ಆಕಾರವನ್ನು ಕೆಡಿಸಿದರೆ ಸದ್ದು ಹೆಚ್ಚುತ್ತದೆ, ಎಳೆತ ಕಡಮೆಯಾಗುತ್ತದೆ, ಪೆಟ್ರೋಲು ಸುಡದೆ ಹೊರಗೆ ಹೋಗುತ್ತದೆ. ನೆರೆಮನೆಯ ಕೂಸು ಎದ್ದು ಅಳುವುದು ಬೇರೆ.

ಬ್ರೇಕಿನ ಮಾತು. ವೇಗ ಎರಡರಷ್ಟಾದರೆ ಬ್ರೇಕು ಹಿಡಿದು ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ರೋಡ್‌ಕಿಂಗಿಗೆ ಎರಡೂ ಕಡೆ ಇರುವುದು ಡ್ರಮ್ ಬ್ರೇಕು. ಆ ಗಾಡಿ ಹುಟ್ಟಿದ ಕಾಲದ ರಸ್ತೆಗೆ ಅದು ಸಾಕಾಗಿತ್ತು. ಕ್ಯಾತ್ಸಂದ್ರದ ಪಕ್ಕದಲ್ಲಿ ಹರಿಯುವ ಇಂದಿನ ಹೆದ್ದಾರಿಯಲ್ಲಿ ಲಾರಿಯ ಹಿಂದೆ ಹೋಗುವಾಗ ಸಾಲದು. ಈಚಿನ ಗಾಡಿಯ ಮುಂದಿನ ಫೋರ್ಕು, ಚಕ್ರ, ಡಿಸ್ಕ್ ಬ್ರೇಕು ಎಲ್ಲವನ್ನೂ ಒಟ್ಟಿಗೆ ತಂದು ಕೂರಿಸುವುದುಂಟು. ಆದರೆ ಹ್ಯಾಂಡಲ್ಲು ತಿರುಗುವ ಕಡೆಯ ಕೋನ್‌ಸೆಟ್ಟಿನ ಅಳತೆ ಹೊಂದುವುದಿಲ್ಲ. ಲೇತಿನಲ್ಲಿ ಕೂದಲೆಳೆಯಷ್ಟು ಕರಾರುವಾಕ್ಕಾಗಿ ಕೆಲಸ ಮಾಡಿಸಬೇಕು. ಫೋರ್ಕು ಗಿಡ್ಡವಾದರೆ ಅಥವಾ ಹಿಂಬದಿ ಎತ್ತರವಾದರೆ ಗಾಡಿ ಚಿಕ್ಕ ತಿರುವಿನಲ್ಲಿ ಬೇಗ ತಿರುಗುತ್ತದೆ, ವೇಗದಲ್ಲಿ ಹ್ಯಾಂಡಲ್ಲು ನಡುಗತೊಡಗುತ್ತದೆ. ಇದೂ ಒಂದು ಮಾರ್ಪಾಡೇ, ಅನುಮತಿ ಬೇಕು. ಸಿಗದಿದ್ದರೆ ಡ್ರಮ್ಮನ್ನು ಲೇತಿಗೆ ಕೊಟ್ಟು ದುಂಡಗೆ ಮಾಡಿಸಿ, ಹೊಸ ಲೈನರು, ಹೊಸ ಕೇಬಲ್ಲು ಹಾಕಿಸುವುದು. ಅಷ್ಟರಿಂದಲೇ ಅರ್ಧ ಗಾಡಿ ಹೊಸದಾದಂತೆ.

ಹಿಂದಿನ ಚಕ್ರವನ್ನು ಬೋಳು ಬಿಡುವುದೇ ಈ ವೇಷದ ಬಿಂಕ. ಅದನ್ನು ಮಾತ್ರ ನಾನು ಒಪ್ಪಲಾರೆ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಮೆಯಿಲ್ಲದಷ್ಟು ಭಾಗಕ್ಕೆ ಮರೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ ೧೨೩ನೆಯ ನಿಯಮವೇ ಹೇಳುತ್ತದೆ. ನಿಯಮ ಹಾಗಿರಲಿ, ಅಮ್ಮನನ್ನೋ ತಂಗಿಯನ್ನೋ ಸಿದ್ಧಗಂಗೆಯ ಜಾತ್ರೆಗೆ ಕೂರಿಸಿಕೊಂಡು ಹೋಗುವ ದಿನ ಬಾರದೆ ಇರುವುದೆ? ಸೆರಗು ಚೈನಿಗೋ ಕಡ್ಡಿಗಳಿಗೋ ಸಿಕ್ಕರೆ ಬಿಡಿಸಿಕೊಳ್ಳಲು ಒಂದು ಕ್ಷಣವೂ ಸಿಗುವುದಿಲ್ಲ. ಸೀರೆಗಾರ್ಡು ಇರಲಿ, ಚೈನಿನ ಕವಚವೂ ಇರಲಿ. ಅದಕ್ಕೆ ಕಪ್ಪು ಬಣ್ಣ ಬಳಿದರೆ ಹುಡುಗನ ಬಿಂಕವೂ ಉಳಿಯುತ್ತದೆ.

ಇಷ್ಟೆಲ್ಲ ಬಿಟ್ಟ ಮೇಲೆ ಉಳಿಯುವುದೇನು ಎಂದು ಕೇಳಬಹುದು. ನೆಟ್ಟನೆಯ ಹ್ಯಾಂಡಲ್ಲು, ಒಳ್ಳೆಯ ಟೈರು, ಬಣ್ಣ, ಬೇರೆ ಸೀಟು, ಪ್ರಖರವಾದ ದೀಪ, ಎಲ್ಲಕ್ಕಿಂತ ಮೇಲಾಗಿ ಗಟ್ಟಿಮುಟ್ಟಾದ ಇಂಜಿನ್ನು. ಹಣದ ಬಹುಪಾಲು ಅಲ್ಲಿಗೇ ಹೋಗಲಿ. ಕ್ರ್ಯಾಂಕಿನ ಬೇರಿಂಗು, ಆಯಿಲ್ ಸೀಲು ಬದಲಿಸಿ, ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಬೇಕು. ಪೆಟ್ರೋಲಿಗೆ ಆಯಿಲು ಬೆರೆಸಲು ಮರೆತರೆ ಆ ಪಿಸ್ಟನ್ ಒಂದು ದಿನವೂ ಬಾಳದು. ಬೋರ್ ಆದ ಹೊಸದರಲ್ಲಿ ಮೊದಲ ಸಾವಿರ ಕಿಲೋಮೀಟರು ಹೆದ್ದಾರಿಯ ಕಡೆಗೆ ತಲೆ ಹಾಕಬಾರದು. ತುಮಕೂರಿನಿಂದ ನಾಮದ ಚಿಲುಮೆಯವರೆಗೆ ಮರಗಳ ನೆರಳಿನಲ್ಲಿ ಸಮಾಧಾನವಾಗಿ ಹೋಗಿ, ಗಾಡಿಯನ್ನು ತಣ್ಣಗಾಗಲು ಬಿಟ್ಟು ಹಿಂದಿರುಗಬೇಕು. ದೇವರಾಯನದುರ್ಗದ ಬೆಟ್ಟವನ್ನು ಏರಿಸುವುದು ಆ ಸಾವಿರ ಮುಗಿದ ಮೇಲೆ.