ಹಳೇ ಗೇರ್ ಬಾಕ್ಸ್ ಕೊಳ್ಳುವ ಮೊದಲು
(ಸದಸ್ಯರ ಸಭೆಯಲ್ಲಿ ಮಾಡಿದ ಮಾತು)



ಲೆಕ್ಕ ಬರೆಯುವ ನಮಗೂ ಗೇರ್ ಬಾಕ್ಸಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಬಂದದ್ದು ಲೆಕ್ಕದಿಂದಲೇ. ಮನೆ ಡ್ರೈವರ್ ಆಗಿರುವ ನಮ್ಮ ಒಬ್ಬ ಸಹೋದರನಿಗೆ ಅರಬಾಬ್ 1,800 ದಿರ್ಹಮ್ ಕೊಟ್ಟು, ತನ್ನ ಹಳೇ ಲ್ಯಾಂಡ್ ಕ್ರೂಸರ್ ಎಫ್‌ಜೆ 40ಕ್ಕೆ ಗೇರ್ ಬಾಕ್ಸ್ ತರಲು ಹೇಳಿದ. ಇವನು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿ, ಬೆಳ್ಳಿ ಬಣ್ಣ ಬಳಿದು ಫಳಫಳ ಹೊಳೆಯುತ್ತಿದ್ದ ಪೆಟ್ಟಿಗೆಯೊಂದನ್ನು ತಂದ. ಕೂರಿಸಿ ಓಡಿಸಿದರೆ, ಎಕ್ಸಿಲೇಟರಿನಿಂದ ಕಾಲು ತೆಗೆದ ಕೂಡಲೇ ಮೂರನೇ ಗೇರ್ ಹಾರಿ ನ್ಯೂಟ್ರಲ್‌ಗೆ ಬರುತ್ತದೆ! ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಬಿಚ್ಚಿ ಕೂರಿಸಿದ ಕೂಲಿ 600 ಸೇರಿ 2,400 ದಿರ್ಹಮ್ ಅವನ ಸಂಬಳದಲ್ಲೇ ಕಟ್. ನಾಲ್ಕು ತಿಂಗಳು ಊರಿಗೆ ಹೋಗುವ ಹಣ ಅರ್ಧವಾಯ್ತು. ಮನೆಯಲ್ಲಿ ಕಾರಣ ಹೇಳಲಿಕ್ಕೂ ಅವನಿಗೆ ನಾಚಿಕೆ.

ಆಮೇಲೆ ನಾವು ಕೆಲವರು, ಗ್ಯಾರೇಜಿನಲ್ಲಿ ದುಡಿಯುವ ನಮ್ಮ ಹಿರಿಯರನ್ನು ಕೂರಿಸಿಕೊಂಡು ಕೇಳಿ ಕಲಿತದ್ದು ಇದು.

ಮೊದಲು ಬಣ್ಣ ನೋಡಬೇಡಿ, ಎಣ್ಣೆ ನೋಡಿ. ಡ್ರೈನ್ ಬೋಲ್ಟ್ ಬಿಚ್ಚಿ ಸ್ವಲ್ಪ ಎಣ್ಣೆಯನ್ನು ಬಿಳಿ ಬಟ್ಟೆಗೆ ಬಿಡಿ. ಹಾಲು ಕಲಸಿದ ಚಹಾದ ಹಾಗಿದ್ದರೆ ಒಳಗೆ ನೀರು ಹೋಗಿದೆ. ನುಣ್ಣಗಿನ ಬೂದು ಕೆಸರು ಹಳೇ ಪೆಟ್ಟಿಗೆಯಲ್ಲಿ ಇರುವುದೇ. ಚೂರುಗಳಿದ್ದರೆ ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆಯಿರಿ. ಅಂಟಿದರೆ ಉಕ್ಕು, ಅಂದರೆ ಹಲ್ಲು ಅಥವಾ ಬೇರಿಂಗ್ ಹೋಗಿದೆ. ಅಂಟದೆ ಹಳದಿಯಾಗಿ ಮಿನುಗಿದರೆ ಹಿತ್ತಾಳೆ, ಸಿಂಕ್ರೋ ರಿಂಗ್ ಸವೆದಿದೆ. ಎಣ್ಣೆಯೇ ಇಲ್ಲ, ಎಲ್ಲ ತೊಳೆದು ಇಟ್ಟಿದ್ದಾರೆ ಅಂದರೆ ಸಂಶಯ ಪಡುವ ಹಕ್ಕು ನಿಮಗೆ ಉಂಟು.

ಇನ್ನು ಕೈಯಿಂದ ತಿರುಗಿಸಿ. ಎಫ್‌ಜೆ 40ರಲ್ಲಿ ಬಂದ ನಾಲ್ಕು ಗೇರಿನ ಎಚ್ 42 ಮತ್ತು ಎಚ್ 41 ಹೊರಗಿನಿಂದ ಒಂದೇ ತರಹ. ಫಸ್ಟ್ ಗೇರ್ ಹಾಕಿ, ಹಿಂದಿನ ಶಾಫ್ಟ್ ಒಂದು ಸುತ್ತು ಬರಲು ಮುಂದಿನ ಶಾಫ್ಟ್ ಎಷ್ಟು ಸುತ್ತು ಬೇಕು ಎಣಿಸಿ. ಮೂರೂವರೆ ಆದರೆ 42, ಹತ್ತಿರ ಹತ್ತಿರ ಐದು ಆದರೆ 41. ಎಣಿಸುವ ಕೆಲಸ ನಮ್ಮದೇ ಅಲ್ವಾ, ನಮಗೆ ಇದು ತುಂಬ ಹಿಡಿಸಿತು. ನಾಲ್ಕನೆಯದರಲ್ಲಿ ಒಂದಕ್ಕೆ ಒಂದು. ತಿರುಗಿಸುವಾಗ ಒಂದೇ ಜಾಗದಲ್ಲಿ ಟಕ್ ಅಂತ ತಡೆದರೆ ಹಲ್ಲು ಮುರಿದಿರಬಹುದು. ಮುಂದಿನ ಶಾಫ್ಟ್ ಸ್ವಲ್ಪ ಆಚೀಚೆ ಅಲುಗಿದರೆ ಹೆದರಬೇಡಿ, ಅದರ ತುದಿಗೆ ಆಧಾರ ಕೊಡುವ ಪೈಲಟ್ ಬೇರಿಂಗ್ ಇಂಜಿನ್ ಕಡೆ ಇರುತ್ತದೆ. ಹಿಂದೆ ಮುಂದೆ ಎಳೆದಾಡಿದರೆ ಮಾತ್ರ ಬೇಡ. ಹಳೇ ಕ್ಲಚ್ ಪ್ಲೇಟ್ ಜೊತೆಗೇ ಕೊಂಡೊಯ್ದು ಶಾಫ್ಟಿಗೆ ಹಾಕಿ ನೋಡಿ. ಕೂರದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಮೇಲಿನ ಮುಚ್ಚಳ ಬಿಚ್ಚಲು ಬಿಡದ ಅಂಗಡಿಯಲ್ಲಿ ನಾವು ಕೊಳ್ಳುವುದಿಲ್ಲ. ಗೇರ್ ಬದಿಯ ಸಣ್ಣ ಹಲ್ಲುಗಳು ಪೆನ್ಸಿಲ್ ಮೊನೆಯ ಹಾಗೆ ಚೂಪಾಗಿರಬೇಕು. ಉರುಟಾಗಿದ್ದರೆ ಗೇರ್ ಕಚ್ಚಿ ಹಿಡಿಯುವುದಿಲ್ಲ. ಹುಡುಗ ತಂದದ್ದರಲ್ಲಿ ಮೂರನೆಯದು ಹಾಗೇ ಇತ್ತು. ಹತ್ತು ನಿಮಿಷದ ಕೆಲಸ, ಮಾರಾಯ್ರೇ.

ಕೊನೆಗೆ ನಮ್ಮ ಕಸುಬಿನ ಮಾತು. ಬಿಲ್ಲಿನಲ್ಲಿ ಬರೇ ‘ಗೇರ್ ಬಾಕ್ಸ್’ ಅಂತ ಬರೆಸಬೇಡಿ. ಯಾವ ಮಾದರಿ, ಎಷ್ಟು ದಿನದೊಳಗೆ ವಾಪಸ್, ಹಣ ವಾಪಸ್ಸೋ ಬದಲಿ ಸಾಮಾನೋ, ಎಲ್ಲ ಬರಲಿ. ಪೆಟ್ಟಿಗೆಯ ಫೋಟೋ ತೆಗೆದು ಅಲ್ಲೇ ಅರಬಾಬಿಗೆ ಕಳಿಸಿ, ಅವನು ಸರಿ ಅಂದ ಮೇಲೆ ಹಣ ಕೊಡಿ. ಆಗ ತೀರ್ಮಾನ ನಿಮ್ಮೊಬ್ಬರದ್ದೇ ಆಗುವುದಿಲ್ಲ.

ಆ ಗೇರ್ ಬಾಕ್ಸನ್ನೇ ಇವತ್ತು ತಂದಿದ್ದೇವೆ, ಮುಚ್ಚಳ ಬಿಚ್ಚಿದೆ. ಒಬ್ಬೊಬ್ಬರಾಗಿ ಬಂದು ತಿರುಗಿಸಿ ನೋಡಿ. ಸಾಬೂನು ಬಾಗಿಲ ಹತ್ತಿರ ಉಂಟು.